ಕೆಂಪುಕಲ್ಲಿನ ಗೋಡೆಗೆ ಸುಣ್ಣವೇ ಸರಿ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಊರೆಂದರೆ ನಿಮಗೆ ಮೇ ತಿಂಗಳ ರಜೆ, ಮಾವಿನಹಣ್ಣು, ಅಜ್ಜಿ. ಆದರೆ ಇನ್ನು ಕೆಲವೇ ವರ್ಷಗಳಲ್ಲಿ ಊರ ಮನೆಯ ಜವಾಬ್ದಾರಿ ನಿಮ್ಮ ಹೆಗಲಿಗೆ ಬರಲಿದೆ. ಒಂದು ದಿನ ಅಲ್ಲಿಂದ ಫೋನು ಬರುತ್ತದೆ: "ಗೋಡೆಯೆಲ್ಲ ಉದುರ್ತಾ ಉಂಟು ಮಾರಾಯ, ಸಿಮೆಂಟ್ ಹೊಡೆಸಿಬಿಡುವ, ಹಣ ಕಳಿಸು." ನೀವು ಹೂಂ ಅನ್ನುವ ಮುಂಚೆ ಹೇಳಬೇಕಾದ ನಾಲ್ಕು ಮಾತುಗಳಿವೆ. ನಾನು ಎಂಜಿನಿಯರ್ ಅಲ್ಲ, ಇಂಗ್ಲಿಷ್ ಬಿ.ಎ. ಓದಿ ಒಲೆ ಮುಂದೆ ನಿಂತವಳು. ಆದರೂ ಈ ವಿಷಯ ಒಂದಿಷ್ಟು ಕೆದಕಿ ತಿಳಿದುಕೊಂಡಿದ್ದೇನೆ.

ನಮ್ಮ ಕರಾವಳಿಯ ಹಳೆಯ ಮನೆಗಳ ಗೋಡೆ ಕೆಂಪುಕಲ್ಲಿನದು. ಮುರಕಲ್ಲು, ಚಿರೆಕಲ್ಲು, ಜಂಬಿಟ್ಟಿಗೆ ಎಂದು ಸೀಮೆಗೊಂದು ಹೆಸರು. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನೆಲ್ಲ ಸುತ್ತಿದ ವೈದ್ಯ ಈತ. ಕೇರಳದ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿನ ಬಗ್ಗೆ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಇಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ಅವನೇ ಹೇಳಿದ್ದಾನೆ. ಅಂದರೆ ನಮ್ಮವರ ಮಾತೇ ಲ್ಯಾಟಿನ್ ಅಂಗಿ ತೊಟ್ಟು ಭೂಗರ್ಭಶಾಸ್ತ್ರದ ಪುಸ್ತಕ ಸೇರಿತು!

ನೆಲದೊಳಗೆ ಇರುವಾಗ ಈ ಕಲ್ಲು ಮೆದು, ಕೊಡಲಿಯಂಥ ಆಯುಧದಿಂದಲೇ ಕಡಿಯಬಹುದು. ಹೊರತೆಗೆದು ಗಾಳಿಬಿಸಿಲಿಗೆ ಇಟ್ಟರೆ ಒಣಗುತ್ತಾ ಗಟ್ಟಿಯಾಗುತ್ತದೆ. ಅದರ ಕೆಂಪು ಕಬ್ಬಿಣದ ಅಂಶದ್ದು. ಮೈತುಂಬ ಸಣ್ಣ ಸಣ್ಣ ತೂತು, ಹಾಗಾಗಿ ನೀರು ಕುಡಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಇಂಥ ಕಲ್ಲಿನ ಮನೆಗಳು ತಲೆಮಾರುಗಟ್ಟಲೆ ನಿಂತದ್ದು ಹೇಗೆ? ಒಂದು, ಮುಂದೆ ಚಾಚಿದ ಹಂಚಿನ ಮಾಡು. ಇನ್ನೊಂದು, ಸುಣ್ಣ.

ಸುಣ್ಣ ಎಂದರೆ ನಿಮಗೆ ಬರೀ ಬಿಳಿ ಬಣ್ಣ ನೆನಪಾಗಬಹುದು. ಕಲ್ಲುಕಲ್ಲನ್ನು ಬೆಸೆಯುತ್ತಿದ್ದ ಗಾರೆಯೂ ಅದರದ್ದೇ. ಘಟ್ಟದ ಮೇಲೆ ಸುಣ್ಣಕಲ್ಲು, ನಮ್ಮಲ್ಲಿ ಹೊಳೆ-ಸಮುದ್ರದ ಚಿಪ್ಪು. ಯಾವುದನ್ನಾದರೂ ಗೂಡಿನಲ್ಲಿ 900 ಡಿಗ್ರಿಯಷ್ಟು ಶಾಖದಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತದೆ. (ಹತ್ತಿರ ಹೋಗಬೇಡಿ, ಕಣ್ಣಿಗೆ ಹಾರಿದರೆ ಅಪಾಯ.) ಹೀಗೆ ಅರಳಿದ ಸುಣ್ಣಕ್ಕೆ ಮರಳು ಸೇರಿಸಿ, ಎತ್ತು ಎಳೆಯುವ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು ಬೆರೆಸುವ ರೂಢಿಯೂ ಇತ್ತು. ಗೋಡೆ ಸೇರಿದ ಗಾರೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ಮೆಲ್ಲಮೆಲ್ಲನೆ ವಾಪಸು ಪಡೆದು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯಲ್ಲಿ ತೆರೆದಿಟ್ಟ ಸುಣ್ಣ ಗಟ್ಟಿಯಾಗಿದ್ದು ನೋಡಿಲ್ಲವೇ? ಅಲ್ಲಿ ನಡೆಯುವುದೂ ಇದೇ.

ಸುಣ್ಣ ದುರ್ಬಲ ಎನ್ನುವವರಿಗೆ ವಿಜಯಪುರದ ಗೋಲಗುಮ್ಮಟ ತೋರಿಸಿ. ಅದರಲ್ಲಿ ಮಲಗಿರುವ ಮಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ. ಒಳಗೆ ಸುಮಾರು 124 ಅಡಿ ಅಗಲದ ಆ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ ಹಿಡಿದಿಟ್ಟದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೂ ಸುರ್ಕಿ ಗಾರೆಯಲ್ಲೇ ಕಟ್ಟಿದರು. ಸುಟ್ಟ ಇಟ್ಟಿಗೆಯ ಪುಡಿಯೇ ಸುರ್ಕಿ. ಅದನ್ನು ಬೆರೆಸಿದ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ.

ಹಾಗಾದರೆ ಸಿಮೆಂಟ್ ಕೆಟ್ಟದ್ದೇ? ಖಂಡಿತ ಅಲ್ಲ. ನೀವು ವಾಸಿಸುವ ಹದಿನೈದು ಮಾಳಿಗೆಯ ಕಟ್ಟಡ ಸುಣ್ಣದಲ್ಲಿ ಏಳುತ್ತಿರಲಿಲ್ಲ. ಆದರೆ ಹಳೆಯ ಕೆಂಪುಕಲ್ಲಿನ ಗೋಡೆಗೂ ಅದಕ್ಕೂ ಕೂಡಿಬರುವುದಿಲ್ಲ. ಹಳೆಯ ಗೋಡೆ ನೆಲದಿಂದ ತೇವ ಹೀರುತ್ತದೆ, ಸುಣ್ಣದ ಮೂಲಕ ಅದನ್ನು ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ತೇವ ಗೋಡೆಯಲ್ಲೇ ಇನ್ನೂ ಮೇಲಕ್ಕೆ ಹತ್ತುತ್ತದೆ. ಅದರೊಂದಿಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲನ್ನು ಪುಡಿಮಾಡುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದು, ಸವೆದರೆ ತಾನು ಸವೆಯುತ್ತದೆ, ಮತ್ತೆ ಮೆತ್ತಬಹುದು. ಸಿಮೆಂಟ್ ಬಿರುಸು, ಸವೆಯುವ ಸರದಿ ಕಲ್ಲಿಗೆ ಬರುತ್ತದೆ.

ಕುಂದಾಪುರದ ಕಡೆ ನಮ್ಮ ಚಿಕ್ಕಪ್ಪನ ಮನೆಗೆ 2011ರಲ್ಲಿ ಒಬ್ಬ ಕಂಟ್ರಾಕ್ಟರು ಬಂದು ಪಡಸಾಲೆಗೆಲ್ಲ ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದು, "ಇನ್ನು ನೂರು ವರ್ಷ ಮುಟ್ಟುವುದು ಬೇಡ" ಎಂದು ಹಣ ಎಣಿಸಿಕೊಂಡು ಹೋದ. ಮೂರನೇ ಮಳೆಗಾಲಕ್ಕೆ ಪೇಂಟು ಹಪ್ಪಳದಂತೆ ಉಬ್ಬಿತು. ಆಮೇಲೆ ಸಿಮೆಂಟ್ ಹಲಗೆಹಲಗೆಯಾಗಿ ಬಿತ್ತು, ಕಲ್ಲಿನ ಮೈಯನ್ನೂ ಕಿತ್ತುಕೊಂಡು. ಹೋದ ಗಾರೆಯನ್ನು ಮತ್ತೆ ತರಬಹುದು, ಹೋದ ಕಲ್ಲನ್ನು ಎಲ್ಲಿಂದ ತರುವುದು? ಚಿಕ್ಕಮ್ಮ ಈಗಲೂ ದಿನಾ ಬೆಳಿಗ್ಗೆ ಆ ಗೋಡೆಯಡಿಯ ಕೆಂಪು ಹುಡಿ ಗುಡಿಸುತ್ತಾರೆ.

ಆದ್ದರಿಂದ ಫೋನು ಬಂದಾಗ ಮೊದಲು ಕೇಳಿ: ಮಾಡಿನ ಹಂಚು ಒಡೆದಿದೆಯೇ, ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿದೆಯೇ ಎಂದು. ಎಷ್ಟೋ ಸಲ ರೋಗ ಅಲ್ಲಿರುತ್ತದೆ, ನಾವು ಗೋಡೆಗೆ ಮದ್ದು ಹಚ್ಚುತ್ತೇವೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಿ. ಅಂಥವರು ವಿರಳವಾಗಿದ್ದಾರೆ, ದಿನವೂ ಹೆಚ್ಚು ಹಿಡಿಯುತ್ತದೆ, ಕೂಲಿಯೂ ಅಷ್ಟೇ, ಇದನ್ನು ಮುಚ್ಚಿಡುವುದಿಲ್ಲ. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿದಷ್ಟೂ ಒಳ್ಳೆಯದು. ಗಾರೆಯನ್ನು ತೆಳ್ಳಗೆ ಪದರಪದರವಾಗಿ ಮೆತ್ತಿ, ಬಿಸಿಲಿಗೆ ಬಿರುಕು ಬಿಡದಂತೆ ಒದ್ದೆ ಗೋಣಿ ಇಳಿಬಿಡಬೇಕು. ಮೇಲೆ ಸುಣ್ಣದ ಬಣ್ಣ ಸಾಕು, ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ. ಬಚ್ಚಲು, ಹೊಸ ಸ್ಲ್ಯಾಬು ಇವಕ್ಕೆ ಸಿಮೆಂಟೇ ಇರಲಿ, ಜಗಳವಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಆಗದು. ದೀಪಾವಳಿಗೆ ಊರಿಗೆ ಹೋಗುವವರು ಗೋಡೆಯನ್ನು ಬುಡದಿಂದ ಎದೆಯೆತ್ತರದವರೆಗೆ ಅಂಗೈಯಿಂದ ಸವರಿ ನೋಡಿ, ತೇವ ಎಲ್ಲಿಯವರೆಗೆ ಏರಿದೆಯೋ ಅಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದು ಬನ್ನಿ. ಮೇ ತಿಂಗಳಲ್ಲಿ ಮತ್ತೆ ನೋಡಿದರೆ, ಗೋಡೆ ಒಣಗುತ್ತಿದೆಯೋ ಇಲ್ಲವೋ ಎಂಬುದು ಯಾರನ್ನೂ ಕೇಳದೆ ತಿಳಿಯುತ್ತದೆ.