ಸರಖೇಲನೋ, ಕಡಲ್ಗಳ್ಳನೋ?
ಕಾನ್ಹೋಜಿ ಆಂಗ್ರೆಯ ಮೂವತ್ತೊಂದು ವರ್ಷಗಳ ಜಮಾಖರ್ಚು

ಗೋರೆಗಾಂವ್ ಸ್ಟೇಷನ್ನಿಗೆ ಸಮೀಪದ ಹೊಟೇಲೊಂದರಲ್ಲಿ, ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ನಡೆದ ಒಂದು ವಾದಕ್ಕೆ ನಾವು ಸಾಕ್ಷಿಗಳಾಗಬೇಕಾಯಿತು. ಗಲ್ಲಾದಲ್ಲಿ ಕುಳಿತಿದ್ದ ಕುಂದಾಪುರದ ಗೃಹಸ್ಥರು ಹಿಂದಿನ ವಾರದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಲಿಬಾಗಿಗೆ ಹೋಗಿ ಬಂದಿದ್ದರು. ಕಾನ್ಹೋಜಿ ಆಂಗ್ರೆಯ ಸಮಾಧಿಯನ್ನು ಕಂಡು ಅವರ ಮನಸ್ಸು ತುಂಬಿಹೋಗಿತ್ತು.

“ಸಮುದ್ರದ ರಾಜನೆಂದರೆ ಅವನು, ಮಾರಾಯ್ರೆ! ಬಿಳಿಯರು ಅವನ ಹೆಸರು ಕೇಳಿದರೆ ನಡುಗುತ್ತಿದ್ದರಂತೆ,” ಎಂದರು ಅವರು.

ಎದುರು ಕುಳಿತು ಚಹಾ ಕುಡಿಯುತ್ತಿದ್ದ ಕಾರವಾರದ ಕಡೆಯ ಗುಮಾಸ್ತರೊಬ್ಬರು ಸುಮ್ಮನಿರಲಿಲ್ಲ. “ರಾಜನೇನು ಬಂತು! ನಮ್ಮ ಕಾರವಾರಕ್ಕೆ ಹೊರಟ ಹಡಗನ್ನೇ ಹಿಡಿದವನಲ್ಲವೇ? ಇಂಗ್ಲಿಷ್ ಪುಸ್ತಕಗಳಲ್ಲಿ ಅವನನ್ನು ಕಡಲ್ಗಳ್ಳನೆಂದೇ ಬರೆದಿದ್ದಾರೆ.”

ಇಬ್ಬರೂ ನಮ್ಮ ಕಡೆ ತಿರುಗಿ, “ಪತ್ರಿಕೆಯವರು ನೀವೇ ತೀರ್ಪು ಹೇಳಿ” ಎಂದುಬಿಟ್ಟರು. ಆ ಹೊತ್ತಿಗೆ ನಮಗೆ ಉತ್ತರ ಹೊಳೆಯಲಿಲ್ಲ. ಹುಡುಕಿ ಓದಿದ ಮೇಲೆ ತಿಳಿದದ್ದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಆಗಿನ ಮುಂಬಯಿ

ಇಂದು ನಾವು ಗೋರೆಗಾಂವಿನಲ್ಲಿ ಗಾಡಿ ಹತ್ತಿ ಒಂದು ಗಂಟೆಯೊಳಗಾಗಿ ಕೋಟೆಯ ಕಚೇರಿಗಳನ್ನು ತಲುಪುತ್ತೇವೆ. ಮುನ್ನೂರು ವರ್ಷಗಳ ಹಿಂದೆ ಈ ದಾರಿಯಲ್ಲಿ ಬರುವವನು ಎರಡು ಸರಕಾರಗಳ ಸೀಮೆಯನ್ನು ದಾಟಬೇಕಾಗಿತ್ತು. ಗೋರೆಗಾಂವ್ ಸೇರಿದ್ದ ಸಾಷ್ಟಿ ದ್ವೀಪ ಪೋರ್ತುಗೀಸರದು. 1737ರಲ್ಲಿ ಮರಾಠರು ಅದನ್ನು ಗೆಲ್ಲುವವರೆಗೂ ಅವರ ಕೈಯಲ್ಲೇ ಇತ್ತು. ಮಾಹೀಮದ ಖಾರಿಯಿಂದಾಚೆಗೆ ಇಂಗ್ಲಿಷ್ ಕುಂಪಣಿಯ ಮುಂಬಯಿ. ಬಂದರದ ಬಾಯಿಯಿಂದ ತೆಂಕಣಕ್ಕೆ ಅಲಿಬಾಗ, ಖಾಂದೇರಿ, ಸುವರ್ಣದುರ್ಗ, ವಿಜಯದುರ್ಗಗಳಲ್ಲಿ ಮರಾಠರ ಬಾವುಟ. ನಡುವೆ ಜಂಜೀರಾದ ಸಿದ್ದಿ. ನೆಲದ ಮೇಲೆ ಇಷ್ಟು ಒಡೆಯರಾದರೆ ನೀರಿನ ಮೇಲೆ ಒಡೆಯನಾರು? ಕಾನ್ಹೋಜಿಯ ಬಾಳೆಲ್ಲ ಈ ಪ್ರಶ್ನೆಗೆ ಉತ್ತರವೇ ಸರಿ.

ಮೂವತ್ತೊಂದು ವರ್ಷಗಳ ಸೇವೆ

ಅವನ ತಂದೆ ತುಕೋಜಿ ಶಿವಾಜಿಯ ಕಾಲದಲ್ಲಿ ಸುವರ್ಣದುರ್ಗದಲ್ಲಿ ಚಾಕರಿಗಿದ್ದವನು. ಮಗ ಅದೇ ಕೋಟೆಯ ನೆರಳಿನಲ್ಲಿ ಬೆಳೆದು, ಸಿದ್ದಿಯ ಮುತ್ತಿಗೆಯನ್ನು ಎದುರಿಸಿ ಹೆಸರು ಪಡೆದ. 1698ರಲ್ಲಿ ಅವನಿಗೆ ‘ಸರಖೇಲ’ ಪದವಿ, ಎಂದರೆ ನೌಕಾಪಡೆಯ ಮುಖ್ಯಾಧಿಕಾರ, ದೊರೆಯಿತು. 1729ರ ಜುಲೈ 4ರಂದು ಕಣ್ಣು ಮುಚ್ಚುವವರೆಗೆ ಆ ಪದವಿ ಅವನಿಂದ ಕದಲಲಿಲ್ಲ. ಈ ಅವಧಿಯಲ್ಲಿ ಮರಾಠರ ಸಿಂಹಾಸನದ ಒಡೆತನಕ್ಕಾಗಿ ಮನೆಯೊಳಗೇ ಜಗಳ ನಡೆಯಿತು. ಮುಂಬಯಿಯಲ್ಲಿ ಗವರ್ನರುಗಳು ಬಂದರು, ಹೋದರು. ಸರಖೇಲ ಮಾತ್ರ ಒಬ್ಬನೇ.

ಅವನು ಬರಿಯ ಆಜ್ಞಾಧಾರಕನೂ ಆಗಿರಲಿಲ್ಲ. ತಾರಾಬಾಯಿ ಮತ್ತು ಶಾಹು ಮಹಾರಾಜರ ಕಲಹದಲ್ಲಿ ತಾರಾಬಾಯಿಯ ಪಕ್ಷ ಹಿಡಿದ. ತನ್ನನ್ನು ಅಡಗಿಸಲು ಶಾಹು ಕಳುಹಿಸಿದ ಪೇಶವೆ ಬಹಿರೋಜಿ ಪಿಂಗಳೆಯನ್ನೇ 1713ರಲ್ಲಿ ಸೆರೆಹಿಡಿದು ಲೋಹಗಡದಲ್ಲಿಟ್ಟ. ಆಗ ಸಂಧಾನಕ್ಕೆ ಬಂದವನು ಬಾಳಾಜಿ ವಿಶ್ವನಾಥ. ಒಂದು ಕಾಲದಲ್ಲಿ ಚಿಪಳೂಣದ ಉಪ್ಪಿನಾಗರದಲ್ಲಿ ಕಾರಕೂನನಾಗಿದ್ದವನೆಂದು ಹೇಳಲಾಗುವ ಈತ, ಖಡ್ಗದಿಂದ ಆಗದ ಕೆಲಸವನ್ನು ಮಾತಿನಿಂದ ಮಾಡಿದ. ಕಾನ್ಹೋಜಿ ಶಾಹುವನ್ನು ಒಡೆಯನೆಂದು ಒಪ್ಪಿದ. ಹತ್ತು ಕೋಟೆಗಳೂ ಹದಿನಾರು ಚಿಕ್ಕ ಠಾಣ್ಯಗಳೂ ಅವನ ಸ್ವಾಧೀನದಲ್ಲಿ ಉಳಿದವು. ಬಾಳಾಜಿ ಪೇಶವೆಯಾದ. ಇಬ್ಬರಿಗೂ ಲಾಭವಾದ ಒಪ್ಪಂದವಿದು. ಆದರೆ ನೌಕಾಪಡೆ ರಾಜ್ಯದ್ದೋ, ಆಂಗ್ರೆ ಮನೆತನದ್ದೋ ಎಂಬ ಪ್ರಶ್ನೆ ಅಂದೇ ಬಗೆಹರಿಯದೆ ಉಳಿಯಿತು. ಅದರ ಫಲವನ್ನು ಮುಂದೆ ನೋಡೋಣ.

ರಹದಾರಿಯ ಜಗಳ

‘ಕಡಲ್ಗಳ್ಳ’ ಎಂಬ ಅಪವಾದದ ಮೂಲ ಒಂದು ಕಾಗದದಲ್ಲಿದೆ. ಅದರ ಹೆಸರು ‘ದಸ್ತಕು’. ಕೊಂಕಣದ ನೀರಿನಲ್ಲಿ ಹಾಯುವ ವ್ಯಾಪಾರದ ನಾವೆಗಳು ಸರಖೇಲನ ದಸ್ತಕನ್ನು ಹಣ ಕೊಟ್ಟು ಪಡೆಯಬೇಕು. ಪಡೆಯದ ನಾವೆಯನ್ನು ಅವನ ಗುರಾಬು, ಗಲ್ಬತುಗಳು ಹಿಡಿಯುವುವು. ಇದು ಸುಲಿಗೆಯೆಂದು ಇಂಗ್ಲಿಷರ ಕೂಗು. ಆದರೆ ಈ ಪದ್ಧತಿಯನ್ನು ಈ ಕರಾವಳಿಗೆ ತಂದವನು ಕಾನ್ಹೋಜಿಯಲ್ಲ. ಅವನಿಗಿಂತ ಎರಡು ಶತಮಾನಗಳ ಹಿಂದೆಯೇ ಪೋರ್ತುಗೀಸರು ‘ಕರ್ತಾಜ್’ ಎಂಬ ರಹದಾರಿಯನ್ನು ಹೇರಿದ್ದರು. ಇಂಗ್ಲಿಷರೂ ತಮ್ಮ ಪಾಸುಗಳನ್ನು ಕೊಡುತ್ತಿದ್ದರು. ದೇಶೀಯ ವರ್ತಕರ ಸರಕಿಗೂ ಕುಂಪಣಿಯ ಪಾಸಿನ ರಕ್ಷಣೆ ಸಿಗಬೇಕೆಂದು ಅವರು ಹೇಳಿದಾಗ ಸರಖೇಲ ಒಪ್ಪಲಿಲ್ಲ. 1724ರಲ್ಲಿ ಗವರ್ನರ್ ಫಿಪ್ಸನೊಡನೆ ನಡೆದ ಪತ್ರವ್ಯವಹಾರದಲ್ಲಿ, ಪರರ ಸೊತ್ತಿನ ಆಸೆ ವರ್ತಕರೆನಿಸಿಕೊಂಡವರನ್ನೂ ಬಿಟ್ಟಿಲ್ಲವೆಂದು ಅವನು ಚುಚ್ಚಿ ಬರೆಸಿದ. ಈ ಮಾತಿಗೆ ಎದುರುತ್ತರ ಸುಲಭವಲ್ಲ.

ಇನ್ನು ಗುಮಾಸ್ತರು ಎತ್ತಿದ ಕಾರವಾರದ ಮಾತು. ಸೋದೆಯ ಅರಸರ ಸೀಮೆಯಲ್ಲಿದ್ದ ಕಾರವಾರದಲ್ಲಿ ಕುಂಪಣಿಗೆ ಮೆಣಸಿನ ಕೋಠಿ ಇತ್ತು. ಅಲ್ಲಿಯ ಹೊಸ ಮುಖ್ಯಸ್ಥ ಥಾಮಸ್ ಚೌನ್ ತನ್ನ ತರುಣ ಪತ್ನಿ ಕ್ಯಾಥರೀನಳೊಡನೆ ಗವರ್ನರನ ಸಶಸ್ತ್ರ ನೌಕೆಯಲ್ಲಿ ಮುಂಬಯಿಯಿಂದ ಹೊರಟಿದ್ದ. 1712ರ ನವೆಂಬರ್ 4ರಂದು ಆಂಗ್ರೆಯ ಹಡಗುಗಳು ಅದನ್ನು ಅಡ್ಡಗಟ್ಟಿದುವು. ಚೌನ್ ಫಿರಂಗಿಯ ಗುಂಡಿಗೆ ಬಲಿಯಾದ. ಕ್ಯಾಥರೀನ್ ಸೆರೆಯಾಗಿ ಅಲಿಬಾಗಿನ ಕೊಲಾಬಾ ಕೋಟೆಯನ್ನು ಸೇರಿದಳು. ಇದು ನಮ್ಮ ಮುಂಬಯಿಯ ಕೊಲಾಬಾ ಅಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1713ರ ಫೆಬ್ರವರಿಯಲ್ಲಿ ಮೂವತ್ತು ಸಾವಿರ ರೂಪಾಯಿ ತೆತ್ತ ಮೇಲೆ ಅವಳಿಗೆ ಬಿಡುಗಡೆಯಾಯಿತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ಹಣಕ್ಕಾಗಿ ತಿಂಗಳುಗಟ್ಟಲೆ ಸೆರೆಯಲ್ಲಿಡುವುದು ಆ ಕಾಲದ ಯುದ್ಧಧರ್ಮವಾಗಿದ್ದೀತು. ಅದನ್ನು ಶೌರ್ಯವೆಂದು ಕರೆಯಲು ನಮ್ಮ ಮನಸ್ಸು ಒಪ್ಪದು.

ಬೂನನ ದಂಡಯಾತ್ರೆಗಳು, ಕಾಮತಿಯ ದುರ್ಗತಿ

1715ರ ಕೊನೆಯಲ್ಲಿ ಗವರ್ನರನಾಗಿ ಬಂದ ಚಾರ್ಲ್ಸ್ ಬೂನ್ ಆಂಗ್ರೆಯನ್ನು ಮುರಿಯಲು ಪಣ ತೊಟ್ಟ. ಮುಂಬಯಿಗೆ ಕೋಟೆಗೋಡೆ ಕಟ್ಟಿಸಿದ, ಯುದ್ಧನೌಕೆಗಳನ್ನು ಸಜ್ಜುಗೊಳಿಸಿದ. 1717ರಲ್ಲಿ ವಿಜಯದುರ್ಗದ ಮೇಲೆ ದಾಳಿ: ಸೋಲು. 1718ರಲ್ಲಿ ಬಂದರದ ಬಾಯಲ್ಲೇ ಇರುವ ಖಾಂದೇರಿಯ ಮೇಲೆ: ಸೋಲು. 1720ರಲ್ಲಿ ತೇಲುವ ತೋಪುಖಾನೆಯೊಡನೆ ಮತ್ತೆ ವಿಜಯದುರ್ಗಕ್ಕೆ: ಮತ್ತೆ ಸೋಲು. 1721ರ ಕೊನೆಯಲ್ಲಿ ಇಂಗ್ಲೆಂಡಿನ ರಾಜನ ಯುದ್ಧನೌಕೆಗಳೊಡನೆ ಕಮೋಡೋರ್ ಮ್ಯಾಥ್ಯೂಸನೇ ಬಂದ. ಗೋವೆಯ ಪೋರ್ತುಗೀಸರೂ ಸೇರಿ ಸುಮಾರು ಆರು ಸಾವಿರ ಜನ ಅಲಿಬಾಗಿನ ಮೇಲೆ ನುಗ್ಗಿದರು. ಪೇಶವೆ ಬಾಜೀರಾಯನ ಕುದುರೆದಂಡು ಸಹಾಯಕ್ಕೆ ಬಂತು. ಪೋರ್ತುಗೀಸರು ಪ್ರತ್ಯೇಕವಾಗಿ ಸಂಧಿ ಮಾಡಿಕೊಂಡರು. ಇಂಗ್ಲಿಷರು ಬರಿಗೈಯಲ್ಲಿ ಮರಳಿದರು.

ಸೋತವನಿಗೆ ಒಬ್ಬ ದ್ರೋಹಿ ಬೇಕಾಗುತ್ತಾನೆ. ಬೂನನಿಗೆ ಸಿಕ್ಕವನು ರಾಮಾ ಕಾಮತಿ. ಈತ ಸಾರಸ್ವತ ಕುಲದ ಶ್ರೀಮಂತ ವರ್ತಕ, ಕುಂಪಣಿಯ ದೇಶೀ ಸಿಪಾಯಿಗಳ ನಾಯಕ. ವಾಳಕೇಶ್ವರದ ದೇವಾಲಯವನ್ನು 1715ರ ಸುಮಾರಿಗೆ ಪುನಃ ಕಟ್ಟಿಸಿದವನೆಂದು ಪ್ರಸಿದ್ಧ. ಖಾಂದೇರಿಯ ದಾಳಿಯಲ್ಲಿ ಇಂಗ್ಲಿಷರ ಪರವಾಗಿ ದಂಡು ನಡೆಸಿದವನೂ ಅವನೇ. 1720ರಲ್ಲಿ ಅವನ ಮೇಲೆ, ಆಂಗ್ರೆಗೆ ಗುಟ್ಟಾಗಿ ಪತ್ರ ಬರೆದನೆಂಬ ಆರೋಪ ಬಂತು. ಸಾಕ್ಷಿಯೊಬ್ಬನ ಹೆಬ್ಬೆರಳುಗಳಿಗೆ ಕಬ್ಬಿಣ ಬಿಗಿದು ಹೇಳಿಕೆ ಪಡೆದರು. ಕಾಮತಿಯ ಆಸ್ತಿ ಮುಟ್ಟುಗೋಲಾಯಿತು. ಅವನು ಸೆರೆಮನೆಯಲ್ಲೇ 1728ರಲ್ಲಿ ಸತ್ತ. ಅವನ ಮುದ್ರೆಯಿದ್ದ ಆ ಪತ್ರ ಕೃತಕವಾದುದೆಂದು ಇತಿಹಾಸಕಾರರು ಬರೆದಿದ್ದಾರೆ.

ಕಚೇರಿಗಳಲ್ಲಿ ಕಾಗದ ನಡೆಸುವ ನಮ್ಮ ವಾಚಕರಿಗೆ ಈ ಕಥೆಯ ನೋವು ಬೇಗನೆ ತಿಳಿದೀತು. ಇಬ್ಬರು ಬಲಾಢ್ಯರು ಕಾದಾಡುವಾಗ ನಡುವೆ ನಿಂತ ನೌಕರನ ನಿಷ್ಠೆಯ ಬೆಲೆ ಒಂದು ಖೋಟಾ ಮುದ್ರೆಯಷ್ಟೇ.

ಹೆಸರು ಕೆಟ್ಟುದು, ಹೆಸರು ಮರಳಿದುದು

ಕಾನ್ಹೋಜಿ ಬದುಕಿರುವವರೆಗೆ ಆಂಗ್ರೆಯ ನೌಕಾಬಲವನ್ನು ಯಾರೂ ಮುರಿಯಲಾಗಲಿಲ್ಲ. ಮುರಿದುದು ಮನೆಯ ಜಗಳ. ಮಕ್ಕಳಾದ ಸಂಭಾಜಿ, ಮಾನಾಜಿಯರು ಕಚ್ಚಾಡಿ ಆಸ್ತಿಯನ್ನು ಇಬ್ಭಾಗ ಮಾಡಿಕೊಂಡರು. ಕಿರಿಯ ಮಗ ತುಳಾಜಿ ಪೇಶವೆಗೆ ತಲೆಬಾಗಲಿಲ್ಲ. ಪೇಶವೆ ನಾನಾಸಾಹೇಬ ಅದೇ ಇಂಗ್ಲಿಷರ ಕೈ ಹಿಡಿದ. 1755ರಲ್ಲಿ ಸುವರ್ಣದುರ್ಗ ಹೋಯಿತು. 1756ರ ಫೆಬ್ರವರಿಯಲ್ಲಿ ವಾಟ್ಸನ್ ಮತ್ತು ಕ್ಲೈವ್ ವಿಜಯದುರ್ಗದಲ್ಲಿ ಆಂಗ್ರೆಯ ಹಡಗುಗಳನ್ನು ಸುಟ್ಟು ಬೂದಿಮಾಡಿದರು. ರಾಜ್ಯದ ಕಡಲ ಬಾಗಿಲಿನ ಅಗುಳಿಯನ್ನು ರಾಜ್ಯದ ಪೇಶವೆಯೇ ಕಿತ್ತು ಒಲೆಗೆ ಹಾಕಿದಂತಾಯಿತು.

ಗೆದ್ದವರು ಬರೆದುದೇ ಮುಂದೆ ಚರಿತ್ರೆಯಾಯಿತು. 1737ರಲ್ಲಿ ಕ್ಲೆಮೆಂಟ್ ಡೌನಿಂಗನ ಗ್ರಂಥ ಶೀರ್ಷಿಕೆಯಲ್ಲೇ ಆಂಗ್ರೆಯನ್ನು ಕಡಲ್ಗಳ್ಳನೆಂದಿತು. 1907ರಲ್ಲಿ ಬಿಡಲ್ಫ್ ಬರೆದುದೂ ‘ಮಲಬಾರಿನ ಕಡಲ್ಗಳ್ಳರ’ ಕಥೆಯೇ. ಇದಕ್ಕೆ ಉತ್ತರವೆಂಬಂತೆ 1959ರಲ್ಲಿ ‘ಮರಾಠಾ ಅಡ್ಮಿರಲ್’ ಎಂದು ಕರೆದು ಅವನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಮನೋಹರ ಮಾಳಗಾಂವಕರರು. ಇವರು ನೆಲೆಸಿದ್ದುದು ನಮ್ಮ ಉತ್ತರ ಕನ್ನಡದ ಜಗಲಬೇಟದ ಕಾಡಿನಲ್ಲೆಂಬುದು ನಮಗೆ ಸಂತೋಷದ ಸಂಗತಿ. ಅದಕ್ಕೂ ಮೊದಲೇ, 1951ರಲ್ಲಿ, ಸ್ವತಂತ್ರ ಭಾರತದ ನೌಕಾದಳ ಮುಂಬಯಿಯಲ್ಲಿಯ ತನ್ನ ಠಾಣ್ಯಕ್ಕೆ ‘ಆಂಗ್ರೆ’ ಎಂದು ಹೆಸರಿಟ್ಟಿತು. ಕುಂಪಣಿ ಸರಕಾರದ ಹಳೆಯ ಬಾಂಬೆ ಕಾಸಲ್ ಇಂದು ಅದರ ಆವರಣದಲ್ಲಿಯೇ ಇದೆ! 1998ರಲ್ಲಿ ಖಾಂದೇರಿ ದ್ವೀಪಕ್ಕೂ ಕಾನ್ಹೋಜಿಯ ಹೆಸರು ಬಂತು. 2025ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಮರಾಠರ ಹನ್ನೆರಡು ಕೋಟೆಗಳಲ್ಲಿ ಖಾಂದೇರಿ, ಸುವರ್ಣದುರ್ಗ, ವಿಜಯದುರ್ಗಗಳೂ ಸೇರಿವೆ.

ನಮ್ಮ ತೀರ್ಪು

ಹಾಗಾದರೆ ವಾದದಲ್ಲಿ ಗೆದ್ದವರು ಯಾರು? ರಾಜನ ಸನದು ಪಡೆದು, ರಾಜ್ಯದ ನೀರಿನಲ್ಲಿ ಸುಂಕವೆತ್ತಿದವನನ್ನು ಕಳ್ಳನೆನ್ನುವುದು ನ್ಯಾಯವಲ್ಲ. ಹಾಗೆಂದರೆ ಕರ್ತಾಜ್ ಮಾರಿದವರಿಗೂ ಪಾಸು ಬರೆದವರಿಗೂ ಅದೇ ಹೆಸರು ಸಲ್ಲಬೇಕು. ಈ ಮಟ್ಟಿಗೆ ಗಲ್ಲಾದ ಗೃಹಸ್ಥರ ಮಾತು ನಿಜ. ಆದರೆ ಗುಮಾಸ್ತರ ಮಾತನ್ನು ತಳ್ಳಿಹಾಕುವಂತಿಲ್ಲ. ಮಂಗಳೂರು, ಬಸರೂರು, ಹೊನ್ನಾವರಗಳಿಂದ ಅಕ್ಕಿ ತುಂಬಿ ಬಡಗಣಕ್ಕೆ ಹೊರಟ ಮಂಜಿಯ ತಂಡೇಲನಿಗೆ, ಕಾಗದದ ಮೇಲಿನ ಮುದ್ರೆ ಗೋವೆಯದಾದರೇನು, ಮುಂಬಯಿಯದಾದರೇನು, ಅಲಿಬಾಗಿನದಾದರೇನು? ಎಲ್ಲಕ್ಕೂ ಹಣ ಹೋದುದು ಅವನ ಸೊಂಟದ ಗಂಟಿನಿಂದಲೇ. ಅವನ ಹೆಸರನ್ನು ಯಾವ ಠಾಣ್ಯಕ್ಕೂ ಇಟ್ಟಿಲ್ಲ.

ದೊಡ್ಡವರ ಲೆಕ್ಕಪುಸ್ತಕಕ್ಕೆ ಎರಡು ಮಗ್ಗುಲುಗಳಿರುತ್ತವೆ. ಜಮೆಯ ಕಡೆ ಕಾನ್ಹೋಜಿಯ ಧೈರ್ಯ, ಮೂವತ್ತೊಂದು ವರ್ಷಗಳ ಅಜೇಯ ಸೇವೆ. ಖರ್ಚಿನ ಕಡೆ ಕ್ಯಾಥರೀನಳ ಕಣ್ಣೀರು, ಹೆಸರಿಲ್ಲದ ತಂಡೇಲರ ಹಣ, ಮಕ್ಕಳ ಕಾಲಕ್ಕೆ ಹೊತ್ತಿ ಉರಿದ ಹಡಗುಗಳು. ಒಂದು ಮಗ್ಗುಲನ್ನು ಮಾತ್ರ ಓದುವವನು ಲೆಕ್ಕ ಬಲ್ಲವನಲ್ಲ.

ಮಳೆಗಾಲ ಕಳೆದ ಮೇಲೆ ವಾರದ ರಜೆ ಸಿಕ್ಕಿದಾಗ ವಾಚಕರು ಒಮ್ಮೆ ಹೋಗಿ ನೋಡಬೇಕು. ಗೋರೆಗಾಂವಿನಿಂದ ಹಾರ್ಬರ್ ಗಾಡಿಯಲ್ಲಿ ಕೋಟೆ, ಗೇಟ್‌ವೇಯಿಂದ ಲಾಂಚಿನಲ್ಲಿ ಮಾಂಡವೆ, ಅಲ್ಲಿಂದ ಬಸ್ಸಿನಲ್ಲಿ ಅಲಿಬಾಗ. ನೀರಿಳಿದ ಹೊತ್ತಿಗೆ ಕೊಲಾಬಾ ಕೋಟೆಗೆ ನಡೆದೇ ಹೋಗಬಹುದು. ಆ ಇಬ್ಬರು ಮಿತ್ರರೂ ಈ ಬಾರಿ ಜೊತೆಯಾಗಿ ಹೋಗುವುದೆಂದು ನಿಶ್ಚಯಿಸಿದ್ದಾರೆ. ಟಿಕೇಟಿನ ಖರ್ಚು ಗಲ್ಲಾದವರದು, ಚಹಾದ ಖರ್ಚು ಗುಮಾಸ್ತರದು. ವಾದ ಮುಗಿಯುವ ಭರವಸೆ ಮಾತ್ರ ನಮಗಿಲ್ಲ.