ಕಡಲಾಚೆಗೆ ಹೊರಟ ಕಾಗದ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತೋಟದ ಮನೆಗಳಿಂದ ಮಕ್ಕಳು ಪರದೇಶಕ್ಕೆ ಹೊರಡುವಾಗ ಅಪ್ಪೆಮಿಡಿಯ ಜಾಡಿಗಿಂತ ಮೊದಲು ಸಿದ್ಧವಾಗಬೇಕಾದುವು ಜನನಪತ್ರ, ಪದವಿಪತ್ರಗಳು. ನಮ್ಮ ತಾಲ್ಲೂಕಿನ ಮೊಹರನ್ನು ಅಮೆರಿಕೆಯ ಅಧಿಕಾರಿ ಗುರುತಿಸುವುದೆಂತು? ಹಲವು ಮುದ್ರೆಗಳ ಸಾಲಿಗೆ ಬದಲಾಗಿ 1961ರ ಹೇಗ್ ಒಪ್ಪಂದವು ‘ಅಪೊಸ್ಟಿಲ್’ ಎಂಬ ಒಂದೇ ಪ್ರಮಾಣಪತ್ರವನ್ನು ಗೊತ್ತುಪಡಿಸಿತು; ಭಾರತದಲ್ಲಿ ಅದು 2005ರ ಜುಲೈ 14ರಿಂದ ಜಾರಿಗೆ ಬಂದಿತು. ರಾಜ್ಯದ ದೃಢೀಕರಣವಾದ ಬಳಿಕ ವಿದೇಶಾಂಗ ಮಂತ್ರಾಲಯವು ಅದನ್ನು ನೀಡುತ್ತದೆ. ಒಪ್ಪಂದಕ್ಕೆ ಸೇರದ ದುಬೈಯಂಥ ಕಡೆಗಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಆದರೆ ಒಂದು ಮಾತು ನೆನಪಿರಲಿ: ಅಪೊಸ್ಟಿಲ್ ಸಾರುವುದು ಸಹಿ, ಮೊಹರುಗಳ ನೈಜತೆಯನ್ನಷ್ಟೆ, ಒಳಗಿನ ಒಕ್ಕಣೆಯ ಸತ್ಯವನ್ನಲ್ಲ. ಜನನಪತ್ರದಲ್ಲಿ ತಂದೆ ‘ಸುಬ್ರಾಯ’, ಅಂಕಪಟ್ಟಿಯಲ್ಲಿ ‘ಸುಬ್ಬರಾವ್’ ಎಂದಿದ್ದರೆ ಯಾವ ಮುದ್ರೆಯೂ ಇಬ್ಬರನ್ನು ಒಬ್ಬನನ್ನಾಗಿ ಮಾಡಲಾರದು. ಹೆಸರನ್ನು ಊರಿನಲ್ಲಿಯೇ ತಿದ್ದಿಸಿಕೊಂಡು ಹೊರಡುವುದು ಲೇಸು.