ಕುಡುಗೋಲು ಕಣ ರೋಗದ ಪತ್ತೆಯಲ್ಲಿ ನ್ಯಾನೊ ವಸ್ತುಗಳು

ರೋಗನಿದಾನದ ಅನೇಕ ಪ್ರಶ್ನೆಗಳು ಕೊನೆಗೆ ರಕ್ತದಲ್ಲಿರುವ ಪ್ರೋಟೀನು ಹಾಗೂ ಚಯಾಪಚಯ ಉತ್ಪನ್ನಗಳನ್ನು ಗುರುತಿಸುವ ಕಾರ್ಯಕ್ಕೆ ಬಂದು ನಿಲ್ಲುತ್ತವೆ. ಹೆಗ್ಗಡದೇವನಕೋಟೆ ಮೊದಲಾದ ಕಾಡಂಚಿನ ತಾಲ್ಲೂಕುಗಳಿರುವ ಮೈಸೂರು ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಇಲ್ಲಿಯ ಗಿರಿಜನರಲ್ಲಿ ಕಂಡುಬರುವ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಕಾಯಿಲೆ, ಮೂಲತಃ ಒಂದು ಪ್ರೋಟೀನಿನ ದೋಷ. ಹಿಮೊಗ್ಲೋಬಿನ್ನಿನ ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇರುವುದೇ ಇದರ ಕಾರಣ. ಭಾರತದಲ್ಲಿ ಈ ದೋಷವು 1952ರಲ್ಲಿ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಮೊದಲು ವರದಿಯಾಯಿತು.

ರೂಢಿಯಲ್ಲಿರುವ ವಿಲೇಯತಾ ಪರೀಕ್ಷೆ ಅಗ್ಗವಾದುದು. ಆದರೆ ಪರೀಕ್ಷೆಗೊಳಗಾದವರು ರೋಗಿಯೋ ಕೇವಲ ವಾಹಕರೋ ಎಂಬುದನ್ನು ಅದು ತಿಳಿಸದು. ನವಜಾತ ಶಿಶುವಿನಲ್ಲಿ ಭ್ರೂಣ ಹಿಮೊಗ್ಲೋಬಿನ್ನೇ ಅಧಿಕವಾದ್ದರಿಂದ ಅಲ್ಲಿ ಅದನ್ನು ನೆಚ್ಚುವಂತೆಯೂ ಇಲ್ಲ. ಸೋಂಕಿನಿಂದ ಕಾಪಾಡುವ ಪೆನಿಸಿಲಿನ್ ಹಾಗೂ ಲಸಿಕೆಗಳನ್ನು ಸಕಾಲದಲ್ಲಿ ನೀಡಬೇಕಾದರೆ ಶೈಶವದಲ್ಲೇ ನಿದಾನವಾಗಬೇಕು. ಖಚಿತ ಉತ್ತರ ನೀಡುವ ದ್ರವ ವರ್ಣರೇಖನಕ್ಕೆ ಸುಸಜ್ಜಿತ ಪ್ರಯೋಗಾಲಯ ಬೇಕು.

ಈ ಅಂತರವನ್ನು ತುಂಬುವಲ್ಲಿ ನ್ಯಾನೊ ಕಣಗಳು ನೆರವಾಗುತ್ತವೆ. 1 ಸೆಂಟಿಮೀಟರ್ ಘನವೊಂದನ್ನು 10 ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ, 6 ಚದರ ಸೆಂಟಿಮೀಟರ್ ಇದ್ದ ಮೇಲ್ಮೈ 600 ಚದರ ಮೀಟರಿಗೆ ಹಿಗ್ಗುತ್ತದೆ. ಇಂಥ ವರ್ಣಯುಕ್ತ ಕಣಗಳ ಮೇಲೆ ಪ್ರತಿಕಾಯಗಳನ್ನು ಕೂರಿಸಿದಾಗ ಅವು ಹಿಮೊಗ್ಲೋಬಿನ್ನನ್ನು ಹಿಡಿದು ಕಾಗದಪಟ್ಟಿಯಲ್ಲಿ ಸಾಗುತ್ತವೆ. ಎ ಮತ್ತು ಎಸ್ ಬಗೆಗಳಿಗೆ ಪ್ರತ್ಯೇಕ ಗೆರೆಗಳು ಮೂಡುತ್ತವೆ. ಎರಡೂ ಮೂಡಿದರೆ ಸಾಮಾನ್ಯವಾಗಿ ವಾಹಕ. ಎಸ್ ಮಾತ್ರ ಮೂಡಿದರೆ ರೋಗದ ಸೂಚನೆ. ಇದಕ್ಕೆ ಒಂದು ಹನಿ ರಕ್ತ ಸಾಕು.

ಪ್ರೋಟೀನು ವಿಶ್ಲೇಷಣೆಗೂ ಅತಿಸೂಕ್ಷ್ಮ ಕಣಗಳಿಗೂ ಇರುವ ನಂಟು ಹೊಸದಲ್ಲ. ಜಪಾನಿನ ಕೊಯಿಚಿ ತನಾಕಾ 1980ರ ದಶಕದಲ್ಲಿ ಗ್ಲಿಸರಾಲಿನಲ್ಲಿ ಬೆರೆಸಿದ ಕೋಬಾಲ್ಟ್ ಪುಡಿಯ ನೆರವಿನಿಂದ ಪ್ರೋಟೀನುಗಳನ್ನು ಒಡೆಯದೆ ಅಯಾನೀಕರಿಸಿ ತೂಗಿದರು. 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮುಂದೆ ಬಳಕೆಗೆ ಬಂದ ಸಾವಯವ ಮಾಧ್ಯಮಗಳ ಸಂಕೇತಗಳು ಸಣ್ಣ ಚಯಾಪಚಯ ಅಣುಗಳನ್ನು ಮರೆಮಾಡುತ್ತವೆ. ಸಿಲಿಕಾನ್, ಚಿನ್ನಗಳ ನ್ಯಾನೊ ಮೇಲ್ಮೈಗಳು ಈ ತೊಡಕನ್ನು ತಗ್ಗಿಸುತ್ತವೆ.

ಮಿತಿಗಳೂ ಉಂಟು. ರಕ್ತಕ್ಕೆ ಸೇರಿದ ಕಣವನ್ನು ಆಲ್ಬುಮಿನ್‌ನಂಥ ಹೇರಳ ಪ್ರೋಟೀನುಗಳು ಸುತ್ತುವರಿಯುತ್ತವೆ. ಆದ್ದರಿಂದ ಮೇಲ್ಮೈಯ ಸಂಸ್ಕರಣವೇ ಪರೀಕ್ಷೆಯ ಪ್ರಾಣ. ಈಚೆಗೆ ರಕ್ತಪೂರಣ ಪಡೆದ ರೋಗಿಯಲ್ಲಿ ದಾನಿಯ ಹಿಮೊಗ್ಲೋಬಿನ್ನಿನಿಂದಲೂ ಎ ಗೆರೆ ಮೂಡಬಹುದು. 2023ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನವು 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿಯಿಟ್ಟುಕೊಂಡಿತು. ಹಾಡಿಯ ಬಾಗಿಲಲ್ಲಿ ನ್ಯಾನೊ ಪಟ್ಟಿ, ಅದರ ಬೆನ್ನಿಗೆ ಪ್ರಯೋಗಾಲಯದ ದೃಢೀಕರಣ, ಬಳಿಕ ಚಿಕಿತ್ಸೆ ಹಾಗೂ ಆಪ್ತಸಲಹೆ: ಈ ಸರಣಿ ಪೂರ್ಣಗೊಂಡಾಗ ಮಾತ್ರ ಪತ್ತೆಗೆ ಸಾರ್ಥಕತೆ.